ಮನೆಮನೆಗೂ ಇಣುಕುತ್ತಿದ್ದ ಫೋನು

ಟಕಟಕ ಮಾವನ ಫೋನು ದಿನಾ ಮಧ್ಯಾಹ್ನದ ಊಟಕ್ಕೆ ಮೊದಲೇ ಪ್ರಾಣ ಬಿಡುತ್ತಿತ್ತು. ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡು ಠೀವಿಯಿಂದ ಜೇಬು ಸೇರುತ್ತಿದ್ದದ್ದು ಎರಡು ಬೀದಿ ದಾಟುವಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತಿತ್ತು. ಇನ್ನೊಂದೆರಡು ಮನೆ ಮುಗಿಸಿ ಮೆಟ್ಟಿಲು ಇಳಿಯುವಾಗ ಕೆಂಪು ಗೆರೆ. ಆಮೇಲೆ ಎಷ್ಟು ಒತ್ತಿದರೂ, ಎಷ್ಟು ಬೈದರೂ, ಬರೀ ಕಪ್ಪು ಗಾಜು. ಅದರಲ್ಲಿ ಕಾಣುತ್ತಿದ್ದದ್ದು ಅವನದೇ ಪೆಚ್ಚು ಮುಖ.

ಮಾವನ ಕಸುಬು ಹೊಲಿಗೆ ಯಂತ್ರ ರಿಪೇರಿ. ಅಂಗಡಿ ಇಲ್ಲ, ಬೋರ್ಡಿಲ್ಲ. ಹೆಗಲಿಗೊಂದು ಚೀಲ, ಕಿವಿಯ ಸಂದಿಗೊಂದು ಸಣ್ಣ ಸ್ಕ್ರೂಡ್ರೈವರು, ಕಾಲಿಗೆ ಚಕ್ರ. ಯಂತ್ರ ಇದ್ದಲ್ಲಿಗೇ ಹೋಗಿ, ಅದರ ಹೊಟ್ಟೆ ಬಿಚ್ಚಿ, ಎಣ್ಣೆ ಬಿಟ್ಟು, ಕಡೆಗೊಮ್ಮೆ ಓಡಿಸಿ, ಅದು ಸರಿಯಾಗಿ ಉಸಿರಾಡಿದಾಗ ತಾನೂ ಜೊತೆಗೆ "ಟಕಟಕ ಟಕಟಕ" ಅನ್ನುತ್ತಿದ್ದ. ಹೆಸರು ಬಂದದ್ದು ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಅದನ್ನು ಕೇಳುವವರು ಆ ಬೀದಿಗಳಲ್ಲಿ ಯಾರೂ ಉಳಿದಿರಲಿಲ್ಲ.

ಅವನಿಗೊಂದು ಚಾಳಿ ಇತ್ತು. ಯಾರ ಮನೆಗೆ ಹೋಗಲಿ, ಚಪ್ಪಲಿ ಬಿಟ್ಟು ಒಳಗೆ ಕೂತವನೇ, ಕುಡಿಯಲು ನೀರು ಕೇಳುವುದಕ್ಕೂ ಮೊದಲು, "ವೈಫೈ ಪಾಸ್‌ವರ್ಡ್ ಏನಮ್ಮಾ?" ಅನ್ನುತ್ತಿದ್ದ. ಅದರಲ್ಲಿ ನಾಚಿಕೆ ಸಂಕೋಚ ಏನೂ ಇರಲಿಲ್ಲ. ಒಬ್ಬರ ಮನೆಯ ಪಾಸ್‌ವರ್ಡ್ ಸಿಕ್ಕಿತೆಂದರೆ ಆ ಮನೆಯವರಲ್ಲಿ ತಾನೂ ಒಬ್ಬ ಎನ್ನುವುದು ಅವನ ಲೆಕ್ಕ. ಸ್ವಂತ ತಮ್ಮನಿಗೆ ಹೇಳದ ಪಾಸ್‌ವರ್ಡನ್ನು ಜನ ಅವನಿಗೆ ಹೇಳಿದ್ದರು. ಮೂಲೆ ಮನೆಯ ಸೊಸೆ ತನ್ನ ಪಾಸ್‌ವರ್ಡನ್ನೇ 'ಅತ್ತೆಗೆ ಹೇಳಬೇಡ' ಎಂದು ಇಟ್ಟುಕೊಂಡಿದ್ದಳು. ಆ ಅತ್ತೆ ಅವನನ್ನು ಬಾಗಿಲಲ್ಲಿ ಅಡ್ಡಹಾಕಿ ಎಷ್ಟೋ ಸಲ ಪುಸಲಾಯಿಸಿದ್ದುಂಟು. ಮಾವ ಬಾಯಿ ಬಿಡಲಿಲ್ಲ. "ಪಾಸ್‌ವರ್ಡಲ್ಲೇ ಇದೆ ತಾಯಿ, ಹೇಳಬಾರದು ಅಂತ," ಎಂದುಬಿಟ್ಟ. ಪಾಪ, ಆಕೆಗೆ ಅದು ಕೊನೆಗೂ ಹೊಳೆಯಲಿಲ್ಲ.

ಹೀಗೆ ಹೋದಲ್ಲೆಲ್ಲ ವೈಫೈ ಸಿಗುವಾಗ ಸಿಮ್ಮಿಗೇಕೆ ದುಡ್ಡು ಹಾಕಿಸಬೇಕೆಂದು ಮಾವ ಕೆಲವು ತಿಂಗಳಿಂದ ರೀಚಾರ್ಜ್ ಮಾಡಿಸುವುದನ್ನೇ ಬಿಟ್ಟಿದ್ದ. ಮಾತಾಡುವುದೆಲ್ಲ ವಾಟ್ಸಾಪಿನಲ್ಲಿ. ದುಡ್ಡು ಹಾಕಿಸದಿದ್ದರೆ ಹೊರಗೆ ಹೋಗುವ ಕರೆ ಮಾತ್ರ ನಿಲ್ಲುತ್ತದೆ, ಒಳಗೆ ಬರುವುದು ಬಂದೇ ಬರುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಅದೂ ನಿಂತು ಎಷ್ಟೋ ದಿನವಾಗಿತ್ತು. ಮಧ್ಯಾಹ್ನಕ್ಕೇ ಸಾಯುವ ಫೋನಿಗೆ ಕರೆ ಹೋಗದಿದ್ದರೆ ಯಾರು ತಾನೇ ಸಿಮ್ಮಿನ ಮೇಲೆ ಅನುಮಾನ ಪಡುತ್ತಾರೆ? ಹೆಂಡತಿಗೆ ಇದನ್ನೆಲ್ಲ ಅವನು ಹೇಳಿರಲಿಲ್ಲ. ಓದುವವರು ಮಾತ್ರ ಇದನ್ನು ಮರೆಯದ ಹಾಗೆ ಸೆರಗಿಗೋ ಕರವಸ್ತ್ರಕ್ಕೋ ಒಂದು ಗಂಟು ಹಾಕಿಟ್ಟುಕೊಳ್ಳಿ.

ಹೆಂಡತಿಯ ಕೆಲಸ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಫೋನಿನ ಮುಂದೆ. ಎರಡನೇ ಗಂಟೆಯನ್ನು ಪೂರ್ತಿ ಬಾರಿಸಲು ಅವಳು ಯಾವ ಫೋನಿಗೂ ಬಿಟ್ಟವಳಲ್ಲ. ಅವಳ ಸ್ವಂತ ಮೊಬೈಲು ಕೂಡ ಹಾಗೆಯೇ, ಆರಿದ್ದನ್ನು ಕಂಡವರಿಲ್ಲ. ಗಂಡನ ಫೋನು ಸತ್ತಿರುವಾಗ ಗಿರಾಕಿಗಳು ಅವಳಿಗೇ ಕರೆ ಮಾಡಿ, "ಸೂಜಿ ಮುರೀತಾ ಇದೆ, ನಾಳೆ ಕಳಿಸ್ತೀರಾ?" ಎಂದು ಕೇಳುವುದು ರೂಢಿಯಾಗಿತ್ತು. ಕಡೆಗೆ ಹಗಲಿನಲ್ಲಿ ಮಾವನಿಗೆ ಫೋನ್ ಮಾಡುವ ಶ್ರಮವನ್ನು ಯಾರೂ ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಇಷ್ಟೇ ಆಗಿದ್ದರೆ ಸಂಸಾರ ನಡೆದುಕೊಂಡು ಹೋಗುತ್ತಿತ್ತು. ಆದರೆ ದೊಡ್ಡ ಮಗಳ ಹೆರಿಗೆಯ ದಿನವೂ ಫೋನು ಕೈಕೊಟ್ಟಿತ್ತು. ಊರಿಗೆಲ್ಲ ಸುದ್ದಿ ಹಬ್ಬಿ ಹಳತಾದ ಮೇಲೆ, ಸಂಜೆ ಮನೆಗೆ ಬರುತ್ತಿದ್ದ ಮಾವನನ್ನು ತಿರುವಿನಲ್ಲಿ ಕೂತು ಬೀಗದ ಕೀಲಿ ಮಾಡುವವನು ನಿಲ್ಲಿಸಿ, "ಏನ್ ತಾತಾ, ನಿನಗೆ ಇನ್ನೂ ಗೊತ್ತಿಲ್ವಾ?" ಎಂದು ಹಲ್ಲು ಕಿರಿದಿದ್ದ. ತಾತ ಎಂಬ ಪದವನ್ನು ಮೊದಲ ಸಲ ಕೇಳಬೇಕಾದದ್ದು ಕೀಲಿಕೈಯವನ ಬಾಯಲ್ಲೇ? ಹೆಂಡತಿಯಂತೂ ಅಂದಿನಿಂದ "ನಿಮ್ಮ ಫೋನ್ ಏನಾಗಿತ್ತು?" ಎನ್ನುವುದನ್ನೇ ಮಂತ್ರ ಮಾಡಿಕೊಂಡಳು. ಅವನು ಹಾಲು ಉಕ್ಕಿಸಿದರೂ ಅದೇ, ಕೊಡೆ ಕಳೆದುಕೊಂಡು ಬಂದರೂ ಅದೇ.

ಈಗ ಚಿಕ್ಕ ಮಗಳಿಗೆ ದಿನ ತುಂಬುತ್ತಿತ್ತು. ಅಳಿಯ ಹಡಗಿನ ಎಂಜಿನ್ ನೋಡಿಕೊಳ್ಳುವವನು, ನೀರಿನ ಮೇಲಿದ್ದ. ಅವಳ ಬಾಡಿಗೆ ಮನೆ ಮಾವ ದಿನಾ ಸುತ್ತುವ ಬೀದಿಗಳ ಪಕ್ಕದಲ್ಲೇ. ಒಂದು ದಿನ ಅವಳು ಅಪ್ಪನ ತೋಳು ಹಿಡಿದು ಹೇಳಿದಳು.

"ಅಪ್ಪಾ, ನೋವು ಬಂದಾಗ ಮೊದಲು ನೀನು ಬರಬೇಕು. ಅಮ್ಮ ಬಂದ್ರೆ ನರ್ಸುಗಳಿಗೇ ಕೆಲಸ ಹಂಚೋಕೆ ಶುರು ಮಾಡ್ತಾಳೆ. ನೀನಿದ್ರೆ ನಂಗೆ ನಗು ಬರತ್ತೆ. ನಗು ಬಂದ್ರೆ ಭಯ ಹೋಗತ್ತೆ."

"ನಾನಿಲ್ದೆ ಇನ್ಯಾರು ಬರ್ತಾರೆ?" ಎಂದ ಮಾವ ಎದೆ ಉಬ್ಬಿಸಿ. ಮಗಳು ಅವನ ಜೇಬಿನ ಕಡೆ ನೋಡಿದಳು. ಅವನ ಎದೆ ತಾನಾಗಿಯೇ ಇಳಿಯಿತು.

ಅವತ್ತಿನಿಂದ ಮಾವ ಫೋನಿನ ಹಿಂದೆ ಬಿದ್ದ. ಪರದೆಯ ಬೆಳಕು ಎಷ್ಟು ತಗ್ಗಿಸಿದನೆಂದರೆ, ಅದರಲ್ಲಿ ಏನು ಬರೆದಿದೆ ಎಂದು ನೋಡಲು ತಲೆಯನ್ನೇ ಚೀಲದೊಳಗೆ ತೂರಿಸಬೇಕಿತ್ತು. ಮೊಮ್ಮಗನ ಫೋಟೋಗಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿದ. ಯಾರೋ ತಣ್ಣಗಿಟ್ಟರೆ ಚಾರ್ಜು ನಿಲ್ಲುತ್ತದೆ ಎಂದರು. ಅದನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಮಲಗಿಸಿ ಹೆಂಡತಿಯ ಕೈಲಿ ಸಹಸ್ರನಾಮ ಮಾಡಿಸಿಕೊಂಡ. ಫೋನ್ ರಿಪೇರಿಯವನು ಹೊಸ ಬ್ಯಾಟರಿ ಹಾಕಿದ. ಮತ್ತೆ ಅದೇ ರಾಗ. ಕೊನೆಗೆ ರಿಪೇರಿಯವನು ಫೋನನ್ನು ಒಂದು ಹಗಲು ತನ್ನ ಮೇಜಿನ ಮೇಲೇ ಇಟ್ಟುಕೊಂಡ. ಆ ಕಳ್ಳ ಫೋನು ಸಂಜೆಯವರೆಗೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಇದಕ್ಕೇನೂ ರೋಗ ಇಲ್ಲ ಯಜಮಾನ್ರೇ. ನಿಮ್ಮ ಕೈಲಿದ್ದಾಗೆಲ್ಲ ವೈಫೈನೇ ಬ್ಯಾಟರೀನೆಲ್ಲ ತಿಂತಾ ಇದೆ ಅಂತ ತೋರಿಸ್ತಿದೆ. ಮನೆ ವೈಫೈ ಡಬ್ಬಾ ನೋಡಿ," ಎಂದು ರಿಪೇರಿಯವನು ಕೈತೊಳೆದುಕೊಂಡ.

ಮನೆಯ ವೈಫೈ ಡಬ್ಬಕ್ಕೆ ಶನಿಕಾಟ ಶುರುವಾಯಿತು. ಬೀರುವಿನ ಮೇಲಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ, ಅಲ್ಲಿಂದ ಹೆಂಡತಿಯ ದಿಂಬಿನ ಪಕ್ಕಕ್ಕೆ. ಅವಳ ಪಿತ್ತ ನೆತ್ತಿಗೇರಿತು. "ರೀ, ಭಾನುವಾರ ದಿನವೆಲ್ಲ ಮನೇಲಿದ್ದಾಗ ಫೋನು ಸಾಯಲ್ಲ. ಕೆಲಸಕ್ಕೆ ಹೋದ ದಿನ ಮಾತ್ರ ಸಾಯತ್ತೆ. ನಮ್ಮನೆ ಡಬ್ಬಾ ಏನ್ ಪಾಪ ಮಾಡಿತ್ತು? ನೀವು ಬೀದೀಲಿ ಅದಕ್ಕೆ ಏನ್ ಮಾಡ್ತೀರಿ ಅದನ್ನ ಹೇಳಿ."

"ಬೀದೀಲಿ ನಾನು ಅದನ್ನ ಜೇಬಿಂದಲೇ ತೆಗೆಯಲ್ಲ ಕಣೇ!" ಎಂದ ಮಾವ. ಅದು ನಿಜವೇ ಆಗಿತ್ತು.

ಗುಟ್ಟು ಬಿಡಿಸಿದವಳು ಚಿಕ್ಕ ಮಗಳು, ಅದೂ ಕಾಲಿನಿಂದ. ದಿನಾ ಸ್ವಲ್ಪ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಒಬ್ಬಳೇ ನಡೆಯಲು ಬೇಜಾರಾಗಿ, ಒಂದು ಬೆಳಿಗ್ಗೆ ಅಪ್ಪನ ಜೊತೆ ಹೊರಟಳು. ಅವನ ಫೋನನ್ನು ತಾನೇ ಹಿಡಿದುಕೊಂಡಳು, ನೋಡೇಬಿಡೋಣ ಎಂದು. ಅವಳು ನಿಧಾನವಾಗಿ ನಡೆದಳು, ಮಾವ ಅವಳಿಗಿಂತ ನಿಧಾನವಾಗಿ. ಏಕೆಂದರೆ ಅವನಿಗೆ ಪ್ರತಿ ಬಾಗಿಲಲ್ಲೂ ನಿಲ್ಲಬೇಕು. "ಏನಮ್ಮಾ, ಮಿಷನ್ ಆರೋಗ್ಯವಾ?" ಒಂದು ಕಿಟಕಿಗೆ. "ಬಾಬಿನ್ ತಂದಿದೀನಿ, ಸಂಜೆ ಬರ್ತೀನಿ," ಇನ್ನೊಂದಕ್ಕೆ. ಯಾರೂ ಕಾಣದ ಮನೆಯ ಕಡೆಗೂ ಒಂದು ಸಲ ತಲೆ ಆಡಿಸಿಯೇ ಮುಂದೆ ಹೋಗುತ್ತಿದ್ದ.

ಮಗಳು ಇದ್ದಕ್ಕಿದ್ದಂತೆ ನಿಂತಳು. "ಅಪ್ಪಾ, ಸ್ವಲ್ಪ ಹಿಂದಕ್ಕೆ ಬಾ."

ಹಿಂದಕ್ಕೆ ಬಂದರು. ಪರದೆಯ ನೆತ್ತಿಯಲ್ಲಿ ಬೀಸಣಿಗೆ ಬಿಚ್ಚಿದಂಥ ಆ ವೈಫೈ ಗುರುತು ಮೂಡಿತು. ನಾಲ್ಕು ಹೆಜ್ಜೆ ಮುಂದೆ ಹೋದರೆ ಮಾಯ. ಪಕ್ಕದ ಮನೆ ಬಂತು, ಮತ್ತೆ ಮೂಡಿತು. ಮತ್ತೆ ಹೋಯಿತು. ಎದುರು ಮನೆಯದು ಬಂತು. ಬೀದಿ ಮುಗಿಯುವವರೆಗೂ ಅದು ಹೀಗೆಯೇ ಬಂದು ಹೋಗಿ ಬಂದು ಹೋಗಿ ಮಾಡಿತು. ಮಗಳು ಒಂದು ಗೋಡೆಗೆ ಒರಗಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಿದ್ದು ಬಿದ್ದು ನಕ್ಕಳು.

"ಅಪ್ಪಾ, ನಿನ್ನ ಫೋನಿಗೆ ನಿನ್ನ ಚಾಳೀನೇ ಬಂದಿದೆ! ಈ ಬೀದೀಲಿ ಎಲ್ಲರ ಮನೆ ಪಾಸ್‌ವರ್ಡೂ ಅದಕ್ಕೆ ಗೊತ್ತು. ಒಂದು ಮನೇನೂ ಬಿಡದೆ ಬಾಗಿಲು ತಟ್ಟತ್ತೆ. ಒಳಗೆ ಹೋಗಿ ಇನ್ನೇನು ಕೂತ್ಕೋಬೇಕು, ನೀನು ಮುಂದೆ ಹೋಗ್ಬಿಡ್ತೀಯ. ಎದ್ದು ಓಡಿ ಬಂದು ಪಕ್ಕದ ಮನೆ ತಟ್ಟತ್ತೆ. ಯಾರ ಮನೇನೂ ಇಲ್ದಿದ್ರೆ ಎಲ್ಲಿದೆ ಎಲ್ಲಿದೆ ಅಂತ ಹುಡುಕತ್ತೆ. ಸುಸ್ತಾಗದೆ ಇನ್ನೇನಾಗತ್ತೆ ಪಾಪ!"

ಮಾವ ಫೋನನ್ನು ಕೈಗೆ ತೆಗೆದುಕೊಂಡು, ಮೊದಲ ಸಲ ನೋಡುವವನಂತೆ ನೋಡಿದ. ಬೈಯಬೇಕೋ ಮುದ್ದಿಸಬೇಕೋ ತಿಳಿಯಲಿಲ್ಲ. "ಹಾಗಂತ ಎಲ್ಲ ಪಾಸ್‌ವರ್ಡೂ ಅಳಿಸಬೇಕಾ? ಅವರೆಲ್ಲ ಎಷ್ಟು ವಿಶ್ವಾಸದಿಂದ ಕೊಟ್ಟಿದ್ದು," ಎಂದ, ಸಪ್ಪೆ ಮುಖ ಮಾಡಿಕೊಂಡು.

"ಯಾವುದನ್ನೂ ಅಳಿಸ್ಬೇಡ. ಬೀದಿಗಿಳಿಯೋವಾಗ ವೈಫೈ ಆರಿಸು. ಒಳಗೆ ಹೋದ ಮೇಲೆ ಹಾಕ್ಕೋ. ಅಷ್ಟೇ." ಅಷ್ಟಕ್ಕೇ ಬಿಡದೆ ಅವಳು ಸೆಟ್ಟಿಂಗ್ಸಿನ ಒಳಗಿನ ಒಳಗೆ ಹೋಗಿ, ಲೊಕೇಷನ್ ಎನ್ನುವಲ್ಲಿ ಅಡಗಿ ಕೂತಿದ್ದ ವೈಫೈ ಸ್ಕ್ಯಾನಿಂಗನ್ನೂ ಆರಿಸಿದಳು. "ಇದೊಂದು ಕಳ್ಳ. ವೈಫೈ ಆರಿಸಿದ್ರೂ ಇದು ಕದ್ದು ಮೂಸ್ತಾನೇ ಇರತ್ತೆ." ಆಮೇಲೆ ಏನೋ ಹೊಳೆದು ಕೇಳಿದಳು. "ವೈಫೈ ಇಲ್ದಿದ್ರೂ ಮಾಮೂಲಿ ಕಾಲ್ ಬರತ್ತಲ್ವಾ ಅಪ್ಪಾ?"

"ಬರದೇ ಏನು? ರಾಜನ ಹಾಗೆ ಬರತ್ತೆ," ಎಂದ ಮಾವ. ಕರವಸ್ತ್ರದ ಗಂಟು ನೆನಪಿದೆಯಲ್ಲ?

ಅವತ್ತು ಸಂಜೆ ಮನೆಗೆ ಬಂದಾಗ ಬ್ಯಾಟರಿ ಎಪ್ಪತ್ತರ ಮೇಲಿತ್ತು. ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫೋನನ್ನು ಹೆಂಡತಿಯ ಮೂಗಿನ ಕೆಳಗೆ ಹಿಡಿದ. ಅವಳು ಕನ್ನಡಕ ಏರಿಸಿ ನೋಡಿ, "ನೋಡೋಣ," ಎಂದಳಷ್ಟೆ. ಅವಳ ಬಾಯಲ್ಲಿ ಅದು ದೊಡ್ಡ ಪ್ರಶಸ್ತಿ. ಮಾರನೆಯ ದಿನದಿಂದ ಮಾವನಿಗೆ ಶೇಕಡಾವಾರಿನ ಹುಚ್ಚೇ ಹಿಡಿಯಿತು. ಗಿರಾಕಿಗಳ ಮನೆಯೊಳಗೆ ಹೋದ ಮೇಲೂ ವೈಫೈ ಹಾಕಲು ಕೈ ಬರಲಿಲ್ಲ. ಹಾಕಿದರೆ ಒಂದು ಅಂಕಿ ಕಡಿಮೆಯಾಗುತ್ತದಲ್ಲ! ಪಾಸ್‌ವರ್ಡ್ ಕೇಳುವುದನ್ನೂ ಬಿಟ್ಟ. ಗಿರಾಕಿಗಳು ಇವನಿಗೇನಾಯಿತು, ನಮ್ಮ ಮೇಲೆ ಮುನಿಸೇ, ಎಂದು ಮುಖ ಮುಖ ನೋಡಿಕೊಂಡರು. ಹತ್ತು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡುವುದು, ತೊಂಬತ್ತು ಎಂದು ಬೀಗುವುದು, ಮತ್ತೆ ಜೇಬಿಗಿಡುವುದು. ಕರೆ ಯಾವುದೂ ಬಂದಿಲ್ಲ, ಅಂದರೆ ಎಲ್ಲರೂ ಸುಖವಾಗಿದ್ದಾರೆ ಎಂದು ಅವನ ತೀರ್ಮಾನ.

ಹೀಗಿರುವಾಗ ಒಂದು ಮಧ್ಯಾಹ್ನ, ಮೂರನೇ ಮಹಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವವಳ ಮನೆಯಲ್ಲಿ ಮಾವ ಒಂದು ಹಳೆಯ ಯಂತ್ರವನ್ನು ಮಗುಚಿ ಹಾಕಿಕೊಂಡು ಕೂತಿದ್ದ. ಪೇಪರಿನ ಮೇಲೆ ಸ್ಕ್ರೂ, ಸ್ಪ್ರಿಂಗು, ಹಲ್ಲುಪಟ್ಟಿ ಎಲ್ಲ ಸಾಲಾಗಿ ಹರಡಿದ್ದವು. ಹೊಲಿಯುವವಳು ಇನ್ನೊಂದು ಯಂತ್ರದಲ್ಲಿ ಕಾಲರುಗಳನ್ನು ಒಂದೇ ಸಮನೆ ಹೊಡೆಯುತ್ತಿದ್ದಳು. ಆ ಸದ್ದಿನಲ್ಲಿ ಅವಳ ಫೋನು ಬಟ್ಟೆಯ ರಾಶಿಯ ಕೆಳಗೆ ಬಡಿದುಕೊಳ್ಳುತ್ತಿದ್ದದ್ದು ಇಬ್ಬರಿಗೂ ಕೇಳಲಿಲ್ಲ. ಮಾವ ಎಣ್ಣೆ ಕೈ ಒರೆಸಿಕೊಂಡು ತನ್ನ ಫೋನು ನೋಡಿದ. ಎಂಬತ್ತನಾಲ್ಕು. ಆಹಾ.

ಅಷ್ಟರಲ್ಲಿ ಬೀದಿಯಾಚೆಯಿಂದ ಗಂಟಲು ಹರಿಯುವಂಥ ಕೂಗು ಕೇಳಿಸಿತು. "ಟಕಟಕ ಮಾವಾ! ಯಾವ ಮನೇಲಿದೀಯೋ!"

ಬಾಲ್ಕನಿಗೆ ಬಂದು ನೋಡುತ್ತಾನೆ, ಎದುರು ಮೂಲೆ ಮನೆಯ ಅತ್ತೆ, ಅದೇ ಪಾಸ್‌ವರ್ಡಿನ ಅತ್ತೆ, ಕಟಕಟೆಯ ಮೇಲೆ ಅರ್ಧ ಬಗ್ಗಿದ್ದಾಳೆ. ಪಕ್ಕದಲ್ಲಿ ಸೊಸೆ. ಕೆಳಗಿನ ಮನೆಯ ಕಿಟಕಿ ತೆರೆದಿದೆ, ಅದರಾಚೆಯದೂ ತೆರೆದಿದೆ, ಗೇಟಿನ ಹತ್ತಿರ ಇಬ್ಬರು ನಿಂತಿದ್ದಾರೆ. ಎಲ್ಲರ ಕೈಯಲ್ಲೂ ಫೋನು. ಎಲ್ಲರೂ ಅವನನ್ನೇ ಹುಡುಕುತ್ತಿದ್ದಾರೆ.

"ನಿನ್ನ ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದಾರೆ! ನಿನ್ನ ಫೋನ್ ಸತ್ತಿದೆಯಂತೆ, ನಿನ್ನ ಹೆಂಡತಿ ಬೀದೀಲಿರೋ ಎಲ್ಲರಿಗೂ ಫೋನ್ ಮಾಡಿ ಕೇಳ್ತಾ ಇದಾಳೆ!"

ಮಾವನ ಎದೆ ಝಲ್ಲೆಂದಿತು. ಆದರೂ ಆ ಹುಚ್ಚು ಮುಂಡೇದು ಏನು ಮಾಡಿತು ಗೊತ್ತೇ? ಫೋನನ್ನು ತಲೆಯ ಮೇಲೆತ್ತಿ ಹಿಡಿದು, "ಸತ್ತಿಲ್ಲ! ನೋಡಿ ಬೇಕಾದ್ರೆ, ಎಂಬತ್ತನಾಲ್ಕಿದೆ!" ಎಂದು ಕೂಗಿತು.

"ಎಂಬತ್ತನಾಲ್ಕನ್ನ ಕಟ್ಕೊಂಡು ಏನ್ ಮಾಡ್ತೀಯಾ, ಓಡೋ!" ಎಂದಳು ಅತ್ತೆ.

ಓಡಿದ. ಹೊಟ್ಟೆ ಬಿಚ್ಚಿದ ಯಂತ್ರವನ್ನು ಹಾಗೇ ಬಿಟ್ಟು ಎದ್ದದ್ದು ಅವನ ಆಯುಷ್ಯದಲ್ಲಿ ಅದೇ ಮೊದಲು. ಬೀದಿಯುದ್ದಕ್ಕೂ ಜನ ಬಾಗಿಲಲ್ಲಿ ನಿಂತು, "ಈ ಕಡೆಯಿಂದ ಹೋಗು, ಹತ್ತಿರ!" "ಗಾಡಿ ಇದೆ ಬಾ, ಕೂತ್ಕೋ!" ಎನ್ನುತ್ತಿದ್ದರು. ಯಾರ ಬಾಗಿಲಿಗೂ ತಲೆ ಆಡಿಸದೆ, ಯಾರ ಮಿಷನ್ನಿನ ಆರೋಗ್ಯವನ್ನೂ ವಿಚಾರಿಸದೆ ಮಾವ ಆ ಬೀದಿಯನ್ನು ದಾಟಿದ್ದೂ ಅದೇ ಮೊದಲು. ತಿರುವಿನಲ್ಲಿ ಯಾರದೋ ಸ್ಕೂಟರಿನ ಹಿಂದೆ ಹತ್ತಿ ಕೂತಾಗ ಅವನ ಮನಸ್ಸಿನಲ್ಲಿದ್ದದ್ದು ಒಂದೇ. ಈ ಸಲವೂ ತಪ್ಪಿಹೋದರೆ ಆ ಹುಡುಗಿ ಹೆದರಿಕೊಂಡು ಒಬ್ಬಳೇ ಇರುತ್ತಾಳೆ.

ಆಸ್ಪತ್ರೆಯಲ್ಲಿ ಮಗಳನ್ನು ಹೆರಿಗೆ ಕೋಣೆಯೊಳಗೆ ಕರೆದೊಯ್ಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಕರೆತಂದ ಪಕ್ಕದ ಮನೆಯವಳ ಕೈ ಹಿಚುಕಿಕೊಂಡು, ತುಟಿ ಕಚ್ಚಿಕೊಂಡು ಮಂಚದ ಮೇಲೆ ಮಲಗಿದ್ದಳು. ಬಾಗಿಲಲ್ಲಿ ಅಪ್ಪ ಕಂಡ. ತಲೆಯ ತುಂಬ ನೀಲಿ ದಾರದ ಎಳೆಗಳು, ಕಿವಿಯಲ್ಲಿ ಸ್ಕ್ರೂಡ್ರೈವರು, ಒಂದು ಕಾಲಿಗೆ ಅವನ ಚಪ್ಪಲಿ, ಇನ್ನೊಂದಕ್ಕೆ ಸಮವಸ್ತ್ರ ಹೊಲಿಯುವವಳದು. ನೋವಿನ ನಡುವೆಯೇ ಮಗಳಿಗೆ ಫಕ್ಕನೆ ನಗು ಬಂತು.

"ಬಂದ್ಯಾ," ಎಂದಳು. ಆ ಒಂದು ಮಾತಿಗೆ ಮಾವನ ಕಣ್ಣು ತುಂಬಿತು. "ಎಷ್ಟು ಸಲ ಮಾಡಿದೆ ಅಪ್ಪಾ. ಯಾಕೆ ಎತ್ತಲಿಲ್ಲ?"

"ಬರಲೇ ಇಲ್ಲ ಮಗಳೇ. ನಿನ್ನಾಣೆ. ಆನ್ ಇತ್ತು, ಇಗೋ ನೋಡು."

ಮಗಳು ಫೋನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಸಿಮ್ಮಿಗೆ ದುಡ್ಡು ಹಾಕಿಸಿ ಎಷ್ಟು ದಿನ ಆಯ್ತು?"

ಮಾವ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಮಗಳಿಗೆ ನಗುವೂ ನೋವೂ ಒಟ್ಟಿಗೇ ಬಂತು. "ಅಯ್ಯೋ ದೇವರೇ! ಅಮ್ಮನಿಗೆ ನೀನು ಹೇಳ್ಬೇಡ ಅಪ್ಪಾ," ಎಂದಳು, ಏದುಸಿರು ಬಿಡುತ್ತಾ. "ನಾನೇ ಹೇಳ್ಬೇಕು. ಆ ಮಜಾ ನಂದು." ನಗುನಗುತ್ತಲೇ ಒಳಗೆ ಹೋದಳು.

ಹೊತ್ತು ಎಷ್ಟು ಹೋಯಿತೋ ಮಾವನಿಗೆ ತಿಳಿಯಲಿಲ್ಲ. ಕಡೆಗೆ ನರ್ಸ್ ಬಂದು ಒಂದು ಬಿಳಿ ಗಂಟನ್ನು ಅವನ ತೋಳಿಗೆ ಇಳಿಸಿದಳು. ಹೆಣ್ಣು ಮಗು. ಮುಷ್ಟಿ ಬಿಗಿದು, ಹುಬ್ಬು ಗಂಟಿಕ್ಕಿ, ಥೇಟ್ ಅದರ ಅಜ್ಜಿಯಂತೆಯೇ ಅವನನ್ನು ತನಿಖೆ ಮಾಡಿತು. ಎದೆಗೊತ್ತಿಕೊಂಡರೆ ಒಳಗೆ ಅದರ ಪುಟ್ಟ ಗುಂಡಿಗೆ ಬಡಿದುಕೊಳ್ಳುತ್ತಿತ್ತು. "ಟಕಟಕ," ಎಂದ ಮಾವ ಮೆಲ್ಲಗೆ, ಅದರ ಜೊತೆಗೇ. ಇಷ್ಟು ಸಂತೋಷವನ್ನು ಇಟ್ಟುಕೊಳ್ಳಲು ಅವನಲ್ಲಿ ಜಾಗವೇ ಇರಲಿಲ್ಲ, ಅದು ಕಣ್ಣಿನಿಂದ ಹರಿಯಿತು.

ಮಗಳನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೂ ಹೆಂಡತಿಯ ಸುಳಿವಿಲ್ಲ. ಕೊನೆಗೆ ಕಾರಿಡಾರಿನ ತುದಿಯಲ್ಲಿ ಅವಳ ದನಿ ಕೇಳಿಸಿತು. ಮಗಳು ಹೇಗಿದ್ದಾಳೆ, ಮಗು ಯಾವುದು ಎಂದಲ್ಲ, ಎದುರಾದ ನರ್ಸನ್ನು ನಿಲ್ಲಿಸಿ, "ನಮ್ಮ ಯಜಮಾನ್ರು ಸಿಕ್ಕಿದ್ರಾ? ಕಿವೀಲಿ ಸ್ಕ್ರೂಡ್ರೈವರ್ ಇರತ್ತೆ, ಬಂದ್ರಾ?" ಎಂದು ಕೇಳುತ್ತಿದ್ದಳು. ಜಡೆ ಬಿಚ್ಚಿತ್ತು, ಕ್ಲಿನಿಕ್ಕಿನ ಬ್ಯಾಡ್ಜು ಎದೆಯ ಮೇಲೆ ತಲೆಕೆಳಗಾಗಿತ್ತು. ವಾರ್ಡಿನ ಬಾಗಿಲಿಗೆ ಬಂದು ನೋಡುತ್ತಾಳೆ, ಗಂಡ ಕುರ್ಚಿಯಲ್ಲಿ ಕೂತಿದ್ದಾನೆ, ತೋಳಲ್ಲಿ ಮಗು.

ಅವಳಿಗೆ ಗೊತ್ತೇ ಇರಲಿಲ್ಲ. ಹೆರಿಗೆಯಾದದ್ದೂ ಗೊತ್ತಿರಲಿಲ್ಲ, ಹೆಣ್ಣೆಂಬುದೂ ಗೊತ್ತಿರಲಿಲ್ಲ. ಎರಡನೇ ಗಂಟೆಗೆ ಎತ್ತುವ ಆ ಹೆಂಗಸು, ಈ ಸಲ ಕಟ್ಟಕಡೆಯವಳು.

ಎಷ್ಟು ವರ್ಷಗಳಿಂದ ಮಾವ ಈ ಗಳಿಗೆಗಾಗಿ ಕಾದಿದ್ದ! ಸ್ನಾನದ ಮನೆಯಲ್ಲಿ, ಬೀದಿಯಲ್ಲಿ, ಯಂತ್ರದ ಮುಂದೆ, ಆ ಮಾತನ್ನು ಹೇಗೆ ಹೇಳಬೇಕು, ಎಲ್ಲಿ ಹುಬ್ಬೇರಿಸಬೇಕು ಎಂದು ಅಭ್ಯಾಸ ಮಾಡಿಟ್ಟುಕೊಂಡಿದ್ದ. "ನಿನ್ನ ಫೋನ್ ಏನಾಗಿತ್ತು?" ಎಂದ. ಆದರೆ ಅಭ್ಯಾಸ ಮಾಡಿದ್ದ ಹಾಗೆ ಬರಲಿಲ್ಲ. ಹುಬ್ಬೂ ಏರಲಿಲ್ಲ.

ಅವಳು ಚೀಲದಿಂದ ಮೊಬೈಲು ತೆಗೆದು ತೋರಿಸಿದಳು. ಕಪ್ಪು ಗಾಜು. "ಸತ್ತೋಯ್ತು ರೀ. ಬೀದೀಲಿ ಒಂದು ಮನೆ ಬಿಡದೆ ಮಾಡಿದೆ. ನೀವು ಎಲ್ಲೂ ಇಲ್ಲ ಅಂತಾರೆ. ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡ ಬಸ್ಸಲ್ಲಿ ಕೂತ್ಕೊಂಡೂ ಮಾಡ್ತಾನೇ ಇದ್ದೆ. ಅವಳಿಗೆ ನೀವೇ ಬೇಕಿತ್ತಲ್ಲಾ... ಕೊನೇಗೆ ನೀವು ಸಿಕ್ಕಿದ್ರೋ ಇಲ್ವೋ ಅನ್ನೋದೂ ತಿಳೀದೆ ಆರಿಹೋಯ್ತು." ದನಿ ನಡುಗಿತು. ಆ ದನಿ ನಡುಗುವುದನ್ನು ಮಾವ ಕೇಳಿರಲೇ ಇಲ್ಲ.

ಅವನು ಎದ್ದು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮಗುವನ್ನು ಅವಳ ಮಡಿಲಿಗೆ ಕೊಟ್ಟ. ತನ್ನ ಸಾಯುವ ಫೋನಿಗೆಂದು ವರ್ಷಗಟ್ಟಲೆ ಹೊತ್ತು ತಿರುಗಿದ, ಯಂತ್ರದ ಮುಂದೆ ಕೂತ ಮೇಲೆ ಚುಚ್ಚಲು ಮಾತ್ರ ಎಂದೂ ನೆನಪಾಗದ ಚಾರ್ಜರು ಜೇಬಿನಲ್ಲೇ ಇತ್ತು. ಮಂಚದ ಪಕ್ಕದ ಸಾಕೆಟ್ಟಿಗೆ ಚುಚ್ಚಿ ಅವಳ ಫೋನಿಗೆ ಸಿಕ್ಕಿಸಿದ. ಸಾಕೆಟ್ಟು ಸಡಿಲ, ಕೈ ಬಿಟ್ಟರೆ ಜಾರುತ್ತಿತ್ತು. ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅದನ್ನು ಒತ್ತಿ ಹಿಡಿದುಕೊಂಡ.

"ನಿಮ್ಮ ಫೋನು?" ಎಂದಳು ಹೆಂಡತಿ, ಮಗುವಿನ ಬೆರಳು ಬಿಡಿಸುತ್ತಾ.

"ಎಂಬತ್ತೆರಡು."

"ಮತ್ತೆ ಯಾಕೆ ಬರ್ಲಿಲ್ಲ ನನ್ನ ಕಾಲು?"

ಮಂಚದ ಮೇಲಿಂದ ಮಗಳು ಬಾಯಿ ಹಾಕಿದಳು. ಎಲ್ಲವನ್ನೂ ಹೇಳಿದಳು, ಉಪ್ಪು ಖಾರ ಸೇರಿಸಿಯೇ ಹೇಳಿದಳು. ಹೆಂಡತಿಯ ಮುಖ ಕೆಂಪಾಯಿತು, ಬಾಯಿ ತೆರೆಯಿತು, ಮಗು ಕದಲಿತು, ಬಾಯಿ ಮುಚ್ಚಿತು. "ಮನೆಗೆ ಬನ್ನಿ," ಎಂದಳು ಪಿಸುದನಿಯಲ್ಲಿ. ಮಾವ ಸಾಕೆಟ್ಟಿಗೆ ಇನ್ನಷ್ಟು ಅಂಟಿಕೊಂಡು ಕೂತ.

ಆಗ ಅವಳ ಫೋನಿಗೆ ಜೀವ ಬಂತು. ಕಣ್ಣು ಬಿಟ್ಟದ್ದೇ ತಡ, ಹೊಡೆದುಕೊಳ್ಳಲು ಶುರು ಮಾಡಿತು. ಅಭ್ಯಾಸಬಲದಿಂದ ಎರಡನೇ ಗಂಟೆಗೆ ಅವಳ ಕೈ ಚಾಚಿತು. ಪರದೆಯ ಮೇಲಿನ ಹೆಸರು ನೋಡಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ತಿರುವಿನ ಕೀಲಿಕೈಯವನು," ಎಂದಳು. "ನೀವೇ ಎತ್ತಿ. ಈ ಸಲ ಮೊದಲು ಗೊತ್ತಾಗಿದ್ದು ನಿಮಗಲ್ವಾ?"

ಮಾವ ಒಂದು ಕೈಯಲ್ಲಿ ಚಾರ್ಜರು ಒತ್ತಿ ಹಿಡಿದೇ, ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟುಕೊಂಡ. ಗಂಟಲು ಸರಿಮಾಡಿಕೊಂಡ.

"ಏನಪ್ಪಾ," ಎಂದ, "ನಿನಗೆ ಇನ್ನೂ ಗೊತ್ತಿಲ್ವಾ?"